ಆನ್‌ಲೈನ್ ಪೋಕರ್ ಖಾತೆಗೆ ಹಣ ತುಂಬುವ ತೊಡಕು: ವರ್ತಕರ ಚಾಲ್ತಿ ಖಾತೆಗೂ ಅದಕ್ಕೂ ಇರುವ ನಂಟು

ದೀಪಾವಳಿಯ ಇಸ್ಪೀಟಾಟಕ್ಕೆ ಬ್ಯಾಂಕಿನ ನೆರವು ಬೇಕಾಗುವುದಿಲ್ಲ. ಜಮಖಾನೆಯ ಮೇಲೆ ನಾಲ್ಕು ಜನ ಕುಳಿತು, ನಡುವೆ ರೊಕ್ಕ ಇಟ್ಟು, ಎಲೆ ಹಂಚಿದರೆ ಆಟ ನಡೆಯುತ್ತದೆ. ಸೋತವನ ಹಣ ಗೆದ್ದವನ ಕಿಸೆಗೆ ಅಲ್ಲಿಯೇ ಸೇರುತ್ತದೆ. ಅದೇ ಆಟ ಮೊಬೈಲಿನ ಪರದೆಗೆ ಏರಿದಾಗ ಆಡುವವರು ಒಬ್ಬರ ಮುಖವನ್ನೊಬ್ಬರು ಕಂಡಿರುವುದಿಲ್ಲ. ಒಬ್ಬ ಬೆಳಗಾವಿಯಲ್ಲಿ, ಮತ್ತೊಬ್ಬ ಸೂರತ್ತಿನಲ್ಲಿ, ಇನ್ನೊಬ್ಬ ಎಲ್ಲಿಯೋ. ಉದರಿಯ ಮೇಲೆ ಆಡಿಸಿದರೆ ವಸೂಲಿ ಮಾಡುವವರಾರು? ಆದ್ದರಿಂದ ಆಟಗಾರ ಮೊದಲು ಖಾತೆ ತೆರೆದು, ಅದರಲ್ಲಿ ಮುಂಗಡ ಹಣ ತುಂಬಬೇಕು. ಕಳೆದ ಎರಡು ದಶಕಗಳಲ್ಲಿ ಆನ್‌ಲೈನ್ ಪೋಕರಿನ ಇಡೀ ವ್ಯವಹಾರಕ್ಕೆ ಅತ್ಯಂತ ಇಕ್ಕಟ್ಟಿನ ಬಾಗಿಲಾಗಿ ಪರಿಣಮಿಸಿರುವುದು ಈ ಹಣ ತುಂಬುವ ಕೆಲಸವೇ.

ಇದು ಜೂಜುಕೋರರ ಚಿಂತೆ, ವ್ಯಾಪಾರಸ್ಥರಿಗೆ ಇದರಿಂದ ಏನಾಗಬೇಕಾಗಿದೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನೇರ ದಾರಿ ಮುಚ್ಚಿದಾಗಲೆಲ್ಲ ಈ ಹಣ ಬೇರೆಯವರ ಖಾತೆಗಳ ಮೂಲಕ ಹರಿಯತೊಡಗುತ್ತದೆ. ಹಾಗೆ ಹರಿಯಲು ಅದಕ್ಕೆ ಅತ್ಯಂತ ಅನುಕೂಲವಾದದ್ದು ದಿನಕ್ಕೆ ನೂರಾರು ಸಣ್ಣ ಮೊತ್ತಗಳು ಬಂದು ಹೋಗುವ ಅಂಗಡಿಯ ಚಾಲ್ತಿ ಖಾತೆ. ಮುರಗೋಡ, ಯರಗಟ್ಟಿ, ಬೈಲಹೊಂಗಲ, ರಾಮದುರ್ಗದಂಥ ಊರುಗಳಲ್ಲಿಯೂ ಕಿರಾಣಿ ಅಂಗಡಿಯಿಂದ ಹಿಡಿದು ಗೊಬ್ಬರದ ಅಂಗಡಿಯವರೆಗೆ ಗಲ್ಲೆಯ ಪಕ್ಕದಲ್ಲಿ ಕ್ಯುಆರ್ ಫಲಕ ನಿಂತಿದೆ. ಆ ಫಲಕದ ಹಿಂದಿರುವ ಖಾತೆಯೇ ಇಲ್ಲಿನ ವಿಚಾರ.

ಹಣ ಸಾಗುವ ದಾರಿ

ಗ್ರಾಹಕನೊಬ್ಬ ಕಾರ್ಡಿನಿಂದ ಹಣ ಕೊಟ್ಟಾಗ ಅದು ಒಂದೇ ನೆಗೆತಕ್ಕೆ ಮಾರಾಟಗಾರನನ್ನು ತಲುಪುವುದಿಲ್ಲ. ಗ್ರಾಹಕನಿಗೆ ಕಾರ್ಡು ಕೊಟ್ಟ ಬ್ಯಾಂಕು, ವೀಸಾ ಅಥವಾ ಮಾಸ್ಟರ್‌ಕಾರ್ಡಿನಂಥ ಜಾಲ, ನಡುವೆ ಪೇಮೆಂಟ್ ಗೇಟ್‌ವೇ, ಕೊನೆಗೆ ಮಾರಾಟಗಾರನ ಬ್ಯಾಂಕು ಹೀಗೆ ಹಲವು ಕೈಗಳನ್ನು ದಾಟಬೇಕು. ಈ ದಾರಿಯಲ್ಲಿ ಪ್ರತಿ ಮಾರಾಟಗಾರನಿಗೂ ನಾಲ್ಕು ಅಂಕಿಗಳ ಒಂದು ವರ್ಗ ಸಂಕೇತವಿರುತ್ತದೆ. ಕಿರಾಣಿಗೆ ಒಂದು, ಔಷಧಿ ಅಂಗಡಿಗೆ ಒಂದು, ಪೆಟ್ರೋಲ್ ಪಂಪಿಗೆ ಮತ್ತೊಂದು. ಜೂಜು, ಪಂದ್ಯ ಮತ್ತು ಲಾಟರಿ ವ್ಯವಹಾರಗಳಿಗೆ ಇರುವ ಸಂಕೇತ 7995. ಕಾರ್ಡು ಕೊಟ್ಟ ಬ್ಯಾಂಕಿನ ಗಣಕಯಂತ್ರಕ್ಕೆ ಪೋಕರ್ ಎಂದರೇನೆಂದು ತಿಳಿದಿರಬೇಕಾಗಿಲ್ಲ. 7995 ಎಂಬ ಅಂಕಿ ಕಂಡೊಡನೆ ನಿರಾಕರಿಸು ಎಂದು ಒಮ್ಮೆ ಹೇಳಿಟ್ಟರೆ ಸಾಕು.

ಜಾಲತಾಣವನ್ನು ಮುಚ್ಚಿಸಿದರೆ ಅದು ಮರುದಿನ ಬೇರೆ ಹೆಸರಿನಲ್ಲಿ ತೆರೆದುಕೊಳ್ಳುತ್ತದೆ. ಕಂಪನಿಯ ಮೇಲೆ ಮೊಕದ್ದಮೆ ಹೂಡೋಣವೆಂದರೆ ಅದು ಸಾಗರದಾಚೆಯ ಯಾವುದೋ ದ್ವೀಪದಲ್ಲಿ ನೋಂದಣಿಯಾಗಿರುತ್ತದೆ. ಆದರೆ ಆಟಗಾರನ ಬ್ಯಾಂಕು ಮಾತ್ರ ಆಟಗಾರನ ದೇಶದಲ್ಲೇ ಇರುತ್ತದೆ, ಆ ದೇಶದ ಕಾನೂನಿಗೆ ತಲೆಬಾಗಲೇಬೇಕಾಗಿರುತ್ತದೆ. ಹೀಗಾಗಿ ಆಟಕ್ಕಿಂತ ಹಣವನ್ನು ತಡೆಯುವುದು ಸುಲಭವೆಂಬುದನ್ನು ಸರಕಾರಗಳು ಕಂಡುಕೊಂಡವು.

ಗಾಲ್ಫ್ ಚೆಂಡಿನ ಹೆಸರಿನಲ್ಲಿ ಪೋಕರ್

ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಪ್ರಯೋಗಿಸಿದ್ದು ಅಮೆರಿಕ. ಕಾನೂನುಬಾಹಿರ ಅಂತರ್ಜಾಲ ಜೂಜಿಗೆ ಬ್ಯಾಂಕುಗಳ ಮೂಲಕ ಹಣ ಸಾಗಿಸುವುದನ್ನು ನಿಷೇಧಿಸುವ ಕಾಯಿದೆಗೆ 2006ರ ಅಕ್ಟೋಬರ್ 13ರಂದು ಅಲ್ಲಿನ ಅಧ್ಯಕ್ಷರ ಸಹಿ ಬಿತ್ತು. ಕಾಯಿದೆಯ ಗುರಿ ಆಟಗಾರನಾಗಿರಲಿಲ್ಲ, ಹಣ ಸ್ವೀಕರಿಸುವ ವ್ಯವಹಾರವಾಗಿತ್ತು. ಆಟಗಾರನಿಗೂ ಪೋಕರ್ ತಾಣಕ್ಕೂ ನಡುವೆ ಹಣದ ಚೀಲದಂತೆ ಕೆಲಸ ಮಾಡುತ್ತಿದ್ದ ನೆಟೆಲ್ಲರ್ ಎಂಬ ಕಂಪನಿ 2007ರ ಜನವರಿಯಲ್ಲಿ ಅಮೆರಿಕದ ವ್ಯವಹಾರದಿಂದ ಹಿಂದೆ ಸರಿಯಿತು. ಕೆಲವು ಪೋಕರ್ ಕಂಪನಿಗಳೂ ಹೊರನಡೆದವು. ಆದರೆ ಲಾಭ ದೊಡ್ಡದಿದ್ದುದರಿಂದ ಮೂರು ದೊಡ್ಡ ಕಂಪನಿಗಳು ಅಲ್ಲಿಯೇ ಉಳಿದವು: ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್ ಪೋಕರ್ ಮತ್ತು ಆಬ್ಸೊಲ್ಯೂಟ್ ಪೋಕರ್.

ಅವರು ಹಣ ಪಡೆಯುತ್ತಿದ್ದ ಬಗೆ 2011ರ ಏಪ್ರಿಲ್ 15ರಂದು ಹೊರಬಿತ್ತು. ಅಂದು ನ್ಯೂಯಾರ್ಕಿನ ಸರಕಾರಿ ವಕೀಲರು ಹನ್ನೊಂದು ಜನರ ಮೇಲೆ ಆರೋಪಪಟ್ಟಿ ಪ್ರಕಟಿಸಿದರು. ಆಭರಣ, ಗಾಲ್ಫ್ ಚೆಂಡು ಮುಂತಾದವನ್ನು ಮಾರುವ ಅಂಗಡಿಗಳೆಂದು ತೋರಿಸಿಕೊಂಡು, ಅಂಥ ಸುಳ್ಳು ವರ್ತಕರ ಹೆಸರಿನಲ್ಲಿ ಪೋಕರ್ ಹಣವನ್ನು ಬ್ಯಾಂಕುಗಳಿಗೆ ದಾಟಿಸಲಾಗುತ್ತಿತ್ತು ಎಂಬುದು ಅದರ ತಿರುಳು. ವ್ಯಾಪಾರವೆಂಬುದು ಹೆಸರಿಗೆ ಮಾತ್ರ. ಮಾಲೂ ಇಲ್ಲ, ಸಾಗಣೆಯೂ ಇಲ್ಲ. ಯೂಟಾ ರಾಜ್ಯದ ಸೇಂಟ್ ಜಾರ್ಜ್ ಎಂಬ ಊರಿನ ಸನ್‌ಫರ್ಸ್ಟ್ ಎಂಬ ಚಿಕ್ಕ ಬ್ಯಾಂಕೂ ಈ ಆರೋಪಪಟ್ಟಿಯಲ್ಲಿ ಕಾಣಿಸಿಕೊಂಡಿತು. ತನ್ನಲ್ಲಿ ಬಂಡವಾಳ ತೊಡಗಿಸುವರೆಂಬ ಆಸೆಗೆ ಆ ಬ್ಯಾಂಕು ಪೋಕರ್ ಹಣವನ್ನು ದಾಟಿಸಲು ಒಪ್ಪಿತೆಂಬುದು ಸರಕಾರದ ವಾದವಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ನಿಯಂತ್ರಕರು ಆ ಬ್ಯಾಂಕಿನ ಬಾಗಿಲು ಹಾಕಿಸಿದರು. ಮುಚ್ಚುಗಡೆಗೆ ಇದೊಂದೇ ಕಾರಣವೆನ್ನಲಾಗದು.

ಇದೇ ಪ್ರಕರಣದಲ್ಲಿ ವ್ಯಾಪಾರಸ್ಥರಿಗೆ ಚೆನ್ನಾಗಿ ಅರ್ಥವಾಗುವ ಇನ್ನೊಂದು ಸಂಗತಿಯಿದೆ. ಹಣ ಸಾಗಿಸುವ ದಾರಿಗಳು ಒಂದೊಂದಾಗಿ ಮುಚ್ಚುತ್ತ ಬಂದಾಗ ಫುಲ್ ಟಿಲ್ಟ್ ಕಂಪನಿ ಗಿರಾಕಿಗಳು ಕೈತಪ್ಪಬಾರದೆಂದು, ಅವರ ಬ್ಯಾಂಕಿನಿಂದ ಹಣ ಇನ್ನೂ ಬರುವ ಮೊದಲೇ ಆಟದ ಖಾತೆಗೆ ಜಮೆ ತೋರಿಸತೊಡಗಿತು. ಅಂದರೆ ಉದರಿ ಕೊಟ್ಟಿತು, ಆದರೆ ಉದರಿ ಎಂದು ಯಾರಿಗೂ ಹೇಳಲಿಲ್ಲ. ಬಾರದಿದ್ದ ಆ ಹಣದಿಂದಲೇ ಜನ ಆಡಿದರು, ಒಬ್ಬರಿಗೊಬ್ಬರು ಸೋತರು, ಗೆದ್ದವರು ನಿಜವಾದ ಹಣವನ್ನು ಕೇಳಿದರು. ಹೀಗೆ ಬಿದ್ದ ಕೊರತೆ ಸುಮಾರು 13 ಕೋಟಿ ಡಾಲರ್ ಎಂದು ಸರಕಾರ ಲೆಕ್ಕ ಹಾಕಿತು. 2011ರ ಮಾರ್ಚ್ 31ಕ್ಕೆ ಕಂಪನಿ ಆಟಗಾರರಿಗೆ ಕೊಡಬೇಕಾಗಿದ್ದುದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿ ಇದ್ದುದು ಸುಮಾರು 6 ಕೋಟಿ ಡಾಲರ್. ಜಮಾ-ಖರ್ಚಿನ ವಹಿಯನ್ನು ಸಂಜೆಗೊಮ್ಮೆ ಗಲ್ಲೆಯೊಡನೆ ತಾಳೆ ನೋಡುವ ಹಳೆಯ ಪದ್ಧತಿಯ ಯಾವ ಅಂಗಡಿಕಾರನೂ ಇಷ್ಟು ದಿನ ಇಂಥ ಅಂತರವನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಮುಂದೆ 2012ರಲ್ಲಿ ಪೋಕರ್‌ಸ್ಟಾರ್ಸ್ ಕಂಪನಿ ಸರಕಾರದೊಡನೆ 73 ಕೋಟಿ 10 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡು ಫುಲ್ ಟಿಲ್ಟ್ ಆಸ್ತಿಯನ್ನು ತೆಗೆದುಕೊಂಡಿತು. ಅಮೆರಿಕದ ಆಟಗಾರರ ಕೈಗೆ ಹಣ ಮರಳತೊಡಗಿದ್ದು 2014ರಲ್ಲಿ.

ನಮ್ಮ ದೇಶದ ಕಟ್ಟುಪಾಡು

ಭಾರತದಲ್ಲಿ ಹೊರದೇಶದ ತಾಣಗಳಿಗೆ ಹಣ ಕಳಿಸುವುದು ಮೊದಲಿನಿಂದಲೂ ಕಠಿಣವಾಗಿತ್ತು. ವಿದೇಶಿ ವಿನಿಮಯ ನಿರ್ವಹಣೆ ಕಾಯಿದೆಯ ಅಡಿಯಲ್ಲಿ 2000ದಲ್ಲಿ ಹೊರಡಿಸಿದ ಚಾಲ್ತಿ ಖಾತೆ ವ್ಯವಹಾರಗಳ ನಿಯಮಗಳ ಮೊದಲನೆಯ ಅನುಸೂಚಿಯು ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಮುಂತಾದವುಗಳಿಗಾಗಿ ವಿದೇಶಕ್ಕೆ ಹಣ ಕಳಿಸುವುದನ್ನು ನಿಷೇಧಿಸಿದೆ. ಲಾಟರಿಯ ಗೆಲುವಿನ ಹಣವನ್ನು ಹೊರಗೆ ಕಳಿಸುವುದಕ್ಕೂ ಅಲ್ಲಿ ಅವಕಾಶವಿಲ್ಲ. ಪೋಕರ್ ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ ಎಂದು ವಾದಿಸುವವರಿದ್ದರು. ಆದರೆ ಬ್ಯಾಂಕುಗಳು ವಾದಕ್ಕೆ ಇಳಿಯದೆ 7995 ಸಂಕೇತವನ್ನೇ ತಡೆಹಿಡಿದವು. ರಿಸರ್ವ್ ಬ್ಯಾಂಕಿನ ಆದೇಶದಂತೆ 2020ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆ ಬೇಕಾದವರು ತಾವೇ ಕೇಳಿ ತೆರೆಸಿಕೊಳ್ಳಬೇಕು. ಪೇಪಾಲ್ ಮೂಲಕವಾದರೂ ಆಗಲಿ ಎಂದುಕೊಂಡವರಿಗೂ 2011ರ ಮಾರ್ಚಿನಿಂದ ಬಾಗಿಲು ಕಿರಿದಾಯಿತು. ಅದರಲ್ಲಿ ವಿದೇಶದಿಂದ ಬಂದ ಹಣವನ್ನು ಏಳು ದಿನಗಳೊಳಗೆ ಬ್ಯಾಂಕಿಗೆ ಇಳಿಸಿಕೊಳ್ಳಬೇಕು, ಮತ್ತೊಂದು ಖರೀದಿಗೆ ಬಳಸಬಾರದು ಎಂಬ ನಿಯಮ ಬಂದಿತು. ಕರಕುಶಲ ವಸ್ತುಗಳನ್ನು ಸಣ್ಣ ಪ್ರಮಾಣದಲ್ಲಿ ರಫ್ತು ಮಾಡುತ್ತಿದ್ದವರಿಗೂ ಅದರಿಂದ ಆದ ಕಿರಿಕಿರಿ ಕಡಿಮೆಯದಲ್ಲ. ಜೂಜಿನ ತಡೆಗಾಗಿ ಬಂದ ನಿಯಮ ಅದಾಗಿರಲಿಲ್ಲವಾದರೂ ಪರಿಣಾಮ ಇಬ್ಬರ ಮೇಲೂ ಆಯಿತು.

ಹೊರಗಿನ ದಾರಿ ಮುಚ್ಚಿದ್ದರಿಂದಲೇ ಒಳಗಿನ ತಾಣಗಳು ಬೆಳೆದವೆನ್ನಬೇಕು. ದೇಶದೊಳಗಿನ ಕಂಪನಿ, ದೇಶದೊಳಗಿನ ಗೇಟ್‌ವೇ, ರೂಪಾಯಿಯಲ್ಲೇ ಲೆಕ್ಕ. 2016ರಲ್ಲಿ ಯುಪಿಐ ಬಂದ ಮೇಲಂತೂ ಹಣ ತುಂಬುವುದು ಚಹಾದ ಬಿಲ್ಲು ಕೊಟ್ಟಷ್ಟೇ ಸಲೀಸಾಯಿತು. ಈ ಉದ್ಯಮದ ದೊಡ್ಡ ನೆಲೆಗಳಲ್ಲಿ ಬೆಂಗಳೂರೂ ಒಂದಾಯಿತು.

ಕೌಶಲವೋ ಅದೃಷ್ಟವೋ

ಪೋಕರ್ ಜೂಜೇ ಅಲ್ಲವೇ ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ದೀರ್ಘ ಚರಿತ್ರೆಯಿದೆ. ಕರ್ನಾಟಕ ಪೊಲೀಸ್ ಕಾಯಿದೆ, 1963 ಜೂಜನ್ನು ಶಿಕ್ಷಾರ್ಹವೆಂದರೂ ಅದರ 176ನೆಯ ಕಲಂ ಕೇವಲ ಕೌಶಲದ ಆಟಗಳನ್ನು ಹೊರಗಿಟ್ಟಿತ್ತು. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಹೇಳಿತ್ತು. ಪೋಕರನ್ನು ಕೌಶಲದ ಆಟವಾಗಿ ಆಡಿಸಲು ಮನರಂಜನಾ ಕ್ಲಬ್ಬುಗಳಿಗೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. ಗುಜರಾತ್ ಹೈಕೋರ್ಟಿನ ಏಕಸದಸ್ಯ ಪೀಠ 2017ರಲ್ಲಿ ಇದಕ್ಕೆ ವಿರುದ್ಧವಾದ ಅಭಿಪ್ರಾಯ ತಳೆಯಿತು. ಕೈಯಲ್ಲಿ ಎರಡೇ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಉಳಿದದ್ದೆಲ್ಲ ಎದುರಿನವನ ಮನಸ್ಸನ್ನು ಓದುವ ಕೆಲಸ. ಇದರಲ್ಲಿ ಎಷ್ಟು ಭಾಗ ಬುದ್ಧಿ, ಎಷ್ಟು ಭಾಗ ಗ್ರಹಗತಿ ಎಂದು ತೂಗುವ ತಕ್ಕಡಿ ಯಾವ ನ್ಯಾಯಾಲಯದಲ್ಲೂ ಇಲ್ಲ.

ರಾಜ್ಯ ಸರಕಾರ 2021ರ ಅಕ್ಟೋಬರ್ 5ರಿಂದ ಜಾರಿಗೆ ತಂದ ತಿದ್ದುಪಡಿಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ ಆಟಗಳನ್ನೂ ಸೇರಿಸಿ, ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟಿನ ವಿಭಾಗೀಯ ಪೀಠ ಆ ತಿದ್ದುಪಡಿಯ ಸಂಬಂಧಿಸಿದ ಭಾಗಗಳನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಕೌಶಲದ ಆಟ ನಡೆಸುವುದು ಒಂದು ವ್ಯಾಪಾರ, ವ್ಯಾಪಾರಕ್ಕೆ ಸಂವಿಧಾನದ ರಕ್ಷಣೆಯಿದೆ ಎಂಬುದು ಆ ತೀರ್ಪಿನ ತಳಹದಿ. ಈ ನಾಲ್ಕು ತಿಂಗಳಲ್ಲಿ ಕರ್ನಾಟಕದ ಆಟಗಾರರ ಖಾತೆಗಳನ್ನು ಹಲವು ಕಂಪನಿಗಳು ಮುಚ್ಚಿಟ್ಟು, ತೀರ್ಪಿನ ನಂತರ ಮತ್ತೆ ತೆರೆದವು.

ನ್ಯಾಯಾಲಯದಲ್ಲಿ ಗೆದ್ದ ಉದ್ಯಮಕ್ಕೆ ಮುಂದಿನ ಪೆಟ್ಟು ಬಿದ್ದದ್ದು ತೆರಿಗೆಯಿಂದ. ಮೊದಲು ಕಂಪನಿಗಳು ತಾವು ಪ್ರತಿ ಆಟದಲ್ಲಿ ಹಿಡಿದುಕೊಳ್ಳುವ ಕಮಿಷನ್ನಿನ ಮೇಲೆ ಮಾತ್ರ ಶೇ. 18ರಂತೆ ಜಿಎಸ್‌ಟಿ ಕಟ್ಟುತ್ತಿದ್ದವು. 100 ರೂಪಾಯಿಯ ಆಟದಲ್ಲಿ ಕಮಿಷನ್ 10 ರೂಪಾಯಿಯಾದರೆ ತೆರಿಗೆ 1 ರೂಪಾಯಿ 80 ಪೈಸೆ. 2023ರ ಅಕ್ಟೋಬರ್ 1ರಿಂದ ಆಟಗಾರ ತುಂಬಿದ ಪೂರ್ಣ ಮೊತ್ತದ ಮೇಲೆ ಶೇ. 28 ತೆರಿಗೆ ಬಂದಿತು. 100 ರೂಪಾಯಿ ತುಂಬಿದರೆ ಅದರೊಳಗಿನ ತೆರಿಗೆ 21 ರೂಪಾಯಿ 88 ಪೈಸೆ, ಆಟಕ್ಕೆ ಉಳಿಯುವುದು 78 ರೂಪಾಯಿ 12 ಪೈಸೆ. ಅಡತಿ ಅಂಗಡಿಯವರಿಗೆ ಇದರ ಭಾರ ಬೇಗ ತಿಳಿಯುತ್ತದೆ. ಬೆಲ್ಲದ ಪೆಂಟೆ ಮಾರಿಸಿಕೊಟ್ಟವನಿಗೆ ಸಲ್ಲುವುದು ಅಡತಿ ಮಾತ್ರ. ಪೆಂಟೆಯ ಪೂರ್ತಿ ಬೆಲೆಯನ್ನೇ ಅವನ ಆದಾಯವೆಂದು ಎಣಿಸಿ ತೆರಿಗೆ ಕೇಳಿದರೆ ಹೇಗೋ ಹಾಗೆ ಇದು ಎಂಬುದು ಕಂಪನಿಗಳ ತಕರಾರು. ಅತ್ತ ಸರಕಾರದ ವಾದ, ಪಣಕ್ಕಿಟ್ಟ ಹಣವೇ ಇಲ್ಲಿನ ಸರಕು ಎಂಬುದು. ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್ ಕಂಪನಿಗೆ ಇದೇ ಲೆಕ್ಕದಲ್ಲಿ 2022ರಲ್ಲಿ ಬಂದ ಸುಮಾರು 21,000 ಕೋಟಿ ರೂಪಾಯಿಯ ನೋಟಿಸನ್ನು ಕರ್ನಾಟಕ ಹೈಕೋರ್ಟು 2023ರ ಮೇ ತಿಂಗಳಲ್ಲಿ ರದ್ದುಪಡಿಸಿತು; ಸುಪ್ರೀಂ ಕೋರ್ಟು ಸೆಪ್ಟೆಂಬರಿನಲ್ಲಿ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಇದರ ಜೊತೆಗೆ ನಿವ್ವಳ ಗೆಲುವಿನ ಮೇಲೆ ಶೇ. 30ರಂತೆ ಮೂಲದಲ್ಲೇ ಆದಾಯ ತೆರಿಗೆ ಕಡಿತ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ಈ ತೆರಿಗೆಗಳನ್ನು ತಪ್ಪಿಸಿಕೊಳ್ಳಲು ಆಟಗಾರರು ಮತ್ತೆ ಹೊರದೇಶದ ತಾಣಗಳತ್ತ ವಾಲತೊಡಗಿದರು. ಅಲ್ಲಿ ಜಿಎಸ್‌ಟಿಯೂ ಇಲ್ಲ, ಕಡಿತವೂ ಇಲ್ಲ, ಹಣ ವಾಪಸು ಬರುವ ಖಾತರಿಯೂ ಇಲ್ಲ.

2025ರ ಕಾಯಿದೆ

ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯಿದೆ, 2025 ಆಗಸ್ಟ್ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಗಿ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಮೂರೇ ದಿನಗಳಲ್ಲಿ ಒಂದು ಇಡೀ ಉದ್ಯಮದ ದಾರಿ ಬದಲಾಯಿತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಪ್ರಶ್ನೆಯನ್ನೇ ಈ ಕಾಯಿದೆ ಬದಿಗಿಟ್ಟಿದೆ. ಗೆಲುವಿನ ನಿರೀಕ್ಷೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದೇ ಆಗಿರಲಿ, ಅದು ಹಣದ ಆಟವೇ. ಹಣಕ್ಕೆ ಬದಲಾಗಿ ನಾಣ್ಯ, ಟೋಕನ್ ಎಂದು ಬೇರೆ ಹೆಸರಿಟ್ಟರೂ ಲೆಕ್ಕ ಒಂದೇ. ಇಂಥ ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ನೀಡುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಐವತ್ತು ಲಕ್ಷದವರೆಗೆ ದಂಡ. ಆಡಿದವನಿಗೆ ಈ ಕಾಯಿದೆಯಲ್ಲಿ ಶಿಕ್ಷೆಯಿಲ್ಲ.

ವರ್ತಕರು ಓದಬೇಕಾದದ್ದು ಇದರ 7ನೆಯ ಕಲಂ. ಹಣದ ಆಟಕ್ಕಾಗಿ ಹಣ ಸಂದಾಯವಾಗಲು ಬ್ಯಾಂಕಾಗಲಿ, ಹಣಕಾಸು ಸಂಸ್ಥೆಯಾಗಲಿ, ಹಣ ಸಾಗಣೆಗೆ ಅನುವು ಮಾಡಿಕೊಡುವ ಬೇರೆ ಯಾವ ವ್ಯಕ್ತಿಯೇ ಆಗಲಿ ನೆರವಾಗಬಾರದೆಂದು ಅದು ಹೇಳುತ್ತದೆ. ಉಲ್ಲಂಘಿಸಿದವರಿಗೆ ಶಿಕ್ಷೆ ಆಟ ನಡೆಸಿದವನಿಗೆ ಇರುವಷ್ಟೇ: ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿಯವರೆಗೆ ದಂಡ. ಅಪರಾಧ ಜಾಮೀನುರಹಿತ. “ಬೇರೆ ಯಾವ ವ್ಯಕ್ತಿ” ಎಂಬ ಮಾತಿನ ವ್ಯಾಪ್ತಿ ದೊಡ್ಡದು. ತನ್ನ ಚಾಲ್ತಿ ಖಾತೆಯನ್ನು ತಿಂಗಳ ಬಾಡಿಗೆಗೆ ಬಿಟ್ಟುಕೊಟ್ಟ ಅಂಗಡಿಕಾರ ಈ ಮಾತಿನಿಂದ ಹೊರಗುಳಿಯುವನೆಂದು ಧೈರ್ಯವಾಗಿ ಹೇಳುವ ವಕೀಲರು ಸಿಗುವುದು ಕಷ್ಟ.

ಅಂಕಿತ ದೊರೆತ ಬೆನ್ನಲ್ಲೇ ದೇಶದೊಳಗಿನ ದೊಡ್ಡ ಕಂಪನಿಗಳು ಹಣದ ಆಟಗಳನ್ನು ನಿಲ್ಲಿಸಿ, ಖಾತೆಯಲ್ಲಿ ಉಳಿದ ಹಣವನ್ನು ವಾಪಸು ಪಡೆಯಲು ಆಟಗಾರರಿಗೆ ಅವಕಾಶ ಕೊಟ್ಟವು. ಕಾಯಿದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ಮೂರು ಹೈಕೋರ್ಟುಗಳಲ್ಲಿ ದಾಖಲಾಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 8ರಂದು ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಬಾಡಿಗೆಗೆ ಹೋದ ಖಾತೆ

ದೇಶದೊಳಗಿನ ತಾಣಗಳು ಮುಚ್ಚಿದರೂ ಆಡುವ ಚಪಲ ಮುಚ್ಚಲಿಲ್ಲ. ಹೊರದೇಶದ ತಾಣಗಳು ಈಗ ಹಣ ಪಡೆಯುವ ಬಗೆಯನ್ನು ನೋಡಿದರೆ ಗಾಲ್ಫ್ ಚೆಂಡಿನ ಕಥೆ ಬೇರೆ ವೇಷದಲ್ಲಿ ಮರಳಿ ಬಂದಂತೆ ಕಾಣುತ್ತದೆ. ಆಟಗಾರ ಹಣ ತುಂಬಲು ಹೊರಟರೆ ಪರದೆಯ ಮೇಲೆ ಒಂದು ಯುಪಿಐ ವಿಳಾಸವೋ ಕ್ಯುಆರ್ ಚಿತ್ರವೋ ಮೂಡುತ್ತದೆ. ಅದು ಪೋಕರ್ ಕಂಪನಿಯದಲ್ಲ. ಯಾವುದೋ ಊರಿನ ಯಾರದೋ ಖಾತೆ. ಕೆಲವು ಗಂಟೆಗಳ ನಂತರ ನೋಡಿದರೆ ವಿಳಾಸ ಬದಲಾಗಿರುತ್ತದೆ. ಇಂಥ ಬಾಡಿಗೆ ಖಾತೆಗಳನ್ನು ಪೋಣಿಸಿ ಅಕ್ರಮ ಪೇಮೆಂಟ್ ಗೇಟ್‌ವೇಗಳನ್ನೇ ಕಟ್ಟಲಾಗುತ್ತಿದೆಯೆಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2024ರ ಅಕ್ಟೋಬರಿನಲ್ಲಿ ಎಚ್ಚರಿಕೆ ನೀಡಿತ್ತು.

ಖಾತೆ ಕೇಳಿಕೊಂಡು ಬರುವವರು ಪೋಕರಿನ ಹೆಸರೆತ್ತುವುದಿಲ್ಲ. “ನಮ್ಮ ಕಂಪನಿಗೆ ಈ ಭಾಗದಲ್ಲಿ ವಸೂಲಿಗೆ ಒಂದು ಖಾತೆ ಬೇಕು, ಬಂದದ್ದರಲ್ಲಿ ನಿಮಗಿಷ್ಟು ಪರ್ಸೆಂಟ್” ಎಂಬಂಥ ಮಾತಿನಿಂದ ಆರಂಭ. ವ್ಯಾಪಾರ ಮಂದವಿರುವ ತಿಂಗಳಲ್ಲಿ, ಮಳೆ ಕೈಕೊಟ್ಟು ರೈತರ ಕಡೆಯ ಉದರಿ ಬಾರದೆ ಕುಳಿತಾಗ, ಕೈಗೆ ಬರುವ ಪರ್ಸೆಂಟು ಸಿಹಿಯಾಗಿಯೇ ಕಾಣುತ್ತದೆ. ಕೇಳುವುದು ಚೆಕ್ ಪುಸ್ತಕ, ಡೆಬಿಟ್ ಕಾರ್ಡು, ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್. ಈ ಮೂರೂ ಕೈಬಿಟ್ಟ ಮೇಲೆ ಖಾತೆಯಲ್ಲಿ ವರ್ತಕನದಾಗಿ ಉಳಿಯುವುದು ಅವನ ಹೆಸರು ಮಾತ್ರ. ಅದೇ ಖಾತೆಗೆ ಪೋಕರಿನ ಹಣದ ಜೊತೆಗೆ ಆನ್‌ಲೈನ್ ವಂಚನೆಗೆ ಒಳಗಾದ ಯಾರದೋ ನಿವೃತ್ತಿ ಹಣವೂ ಬಂದು ಬೀಳಬಹುದು. ಮೊಕದ್ದಮೆಯಾದಾಗ ಪೊಲೀಸರು ಬರುವುದು ಹೆಸರಿರುವ ಬಾಗಿಲಿಗೆ.

ಖಾತೆಯನ್ನು ಯಾರಿಗೂ ಕೊಡದ ವರ್ತಕನಿಗೂ ಈ ಬಿಸಿ ತಟ್ಟುವ ಸಾಧ್ಯತೆಯಿದೆ. ಒಂದು ಉದಾಹರಣೆ ಕಲ್ಪಿಸಿಕೊಳ್ಳಬಹುದು. ಹೊರದೇಶದ ತಾಣದಲ್ಲಿ ಗೆದ್ದ ಯುವಕನೊಬ್ಬ ಹಣ ಕೇಳುತ್ತಾನೆ. ತಾಣ ಅವನಿಗೆ ಕಳಿಸುವುದೂ ಬಾಡಿಗೆ ಖಾತೆಯಿಂದಲೇ, ಮತ್ತು ಆ ಹಣ ದೂರದ ಊರಿನ ವಂಚಿತನೊಬ್ಬನದು. ಯುವಕ ಆ ಹಣದಿಂದ ಮುರಗೋಡದ ಅಂಗಡಿಯೊಂದರಲ್ಲಿ ಮೋಟಾರ್ ಪಂಪು ಕೊಳ್ಳುತ್ತಾನೆ. ಅತ್ತ ವಂಚಿತ ವ್ಯಕ್ತಿ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಟ್ಟಾಗ, ಹಣ ಹೋದ ದಾರಿಯನ್ನು ಒಂದು ಬ್ಯಾಂಕು ಮತ್ತೊಂದಕ್ಕೆ ತಿಳಿಸುತ್ತ ಹೋಗುತ್ತದೆ. ಮೊದಲ ಖಾತೆ, ಎರಡನೆಯ ಖಾತೆ, ಮೂರನೆಯ ಖಾತೆ; ಮೂರನೆಯದು ಪಂಪಿನ ಅಂಗಡಿಯದು. ಪಂಪು ಮಾರಿದವನ ಖಾತೆಯಲ್ಲಿ ಆ ಮೊತ್ತಕ್ಕೆ ತಡೆ ಬೀಳುತ್ತದೆ. ಎಷ್ಟೋ ಸಲ ಮೊತ್ತಕ್ಕೆ ಮಾತ್ರವಲ್ಲ, ಇಡೀ ಖಾತೆಗೇ ಬೀಳುತ್ತದೆ. ಕೆಲವು ಸಾವಿರ ರೂಪಾಯಿಯ ತಕರಾರಿಗೆ ಲಕ್ಷಾಂತರ ರೂಪಾಯಿಯ ದುಡಿಯುವ ಬಂಡವಾಳ ನಿಂತುಹೋಗಿ, ಮಾಲು ಕಳಿಸಿದವರ ಚೆಕ್ಕುಗಳು ವಾಪಸಾಗುವುದು ನ್ಯಾಯವೆನಿಸುವುದಿಲ್ಲ. ಕೇರಳ ಹೈಕೋರ್ಟು 2023ರಲ್ಲಿ ಇಂಥ ಪ್ರಕರಣಗಳಲ್ಲಿ ತಡೆಯು ವಿವಾದಿತ ಮೊತ್ತಕ್ಕೆ ಸೀಮಿತವಾಗಿರಬೇಕೆಂದು ಹೇಳಿದ್ದುಂಟು. ಆ ಮಾತು ಎಲ್ಲ ರಾಜ್ಯಗಳ ಪೊಲೀಸರ ಪತ್ರಗಳಲ್ಲೂ ಕಾಣುವಂತಾದರೆ ಸಣ್ಣ ವರ್ತಕರಿಗೆ ಉಸಿರಾಡಲು ಎಡೆಯಾಗುತ್ತದೆ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳಬಹುದು. 2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದನ್ನೂ, ಬೆಂಗಳೂರಿನ ಅಂಗಡಿಗಳಲ್ಲಿ ಕ್ಯುಆರ್ ಫಲಕಗಳು ಮಾಯವಾದದ್ದನ್ನೂ ವರ್ತಕರು ಮರೆತಿರಲಾರರು. ಸರಕಿನ ವ್ಯಾಪಾರಕ್ಕೆ ವಾರ್ಷಿಕ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಗೆಳೆಯನಿಗೆಂದೋ, ಕೆಲಸದ ಹುಡುಗನಿಗೆಂದೋ ಅಂಗಡಿಯ ಕ್ಯುಆರ್ ಮೇಲೆ ಹಣ ಹಾಕಿಸಿಕೊಂಡು ನಗದು ಕೊಟ್ಟರೆ ಅದೂ ವಹಿವಾಟಿನಂತೆಯೇ ದಾಖಲೆಯಲ್ಲಿ ನಿಲ್ಲುತ್ತದೆ. ಅದು ತನ್ನ ಮಾರಾಟವಲ್ಲವೆಂದು ತೋರಿಸುವ ಹೊಣೆ ಖಾತೆದಾರನ ಮೇಲೆ ಬೀಳುತ್ತದೆ. “ಅದು ಪೋಕರಿನ ಹಣ, ವ್ಯಾಪಾರದ್ದಲ್ಲ” ಎಂಬ ಉತ್ತರ ತೆರಿಗೆ ಅಧಿಕಾರಿಯಿಂದ ಬಿಡಿಸಿ ಪೊಲೀಸ್ ಅಧಿಕಾರಿಯ ಮುಂದೆ ನಿಲ್ಲಿಸುವಂಥದು.

ಅಂಗಡಿಯ ಮೊಬೈಲು ಸಾಮಾನ್ಯವಾಗಿ ಗಲ್ಲೆಯಲ್ಲಿ ಕುಳಿತವರ ಕೈಯಲ್ಲೆಲ್ಲ ಓಡಾಡುತ್ತಿರುತ್ತದೆ. ಯುಪಿಐ ಗುಪ್ತ ಸಂಖ್ಯೆ ಮನೆಯವರಿಗೂ ಆಳುಗಳಿಗೂ ಗೊತ್ತಿರುತ್ತದೆ. ಚಾಲ್ತಿ ಖಾತೆಯಿಂದ 200, 500 ರೂಪಾಯಿಯಂತೆ ಅಪರಿಚಿತ ವ್ಯಕ್ತಿಗಳ ಹೆಸರಿಗೆ ರಾತ್ರಿ ಹೊತ್ತಿನಲ್ಲಿ ಪದೇ ಪದೇ ಹಣ ಹೋಗುತ್ತಿದ್ದರೆ, ಅದರಲ್ಲೂ ಪ್ರತಿ ಸಲ ಬೇರೆ ಬೇರೆ ಹೆಸರಿದ್ದರೆ, ಮನೆಯೊಳಗೇ ಯಾರೋ ಹೊರದೇಶದ ತಾಣಕ್ಕೆ ಹಣ ತುಂಬುತ್ತಿರುವ ಗುರುತಾಗಿರಬಹುದು. ತಿಂಗಳಿಗೊಮ್ಮೆ ಬ್ಯಾಂಕಿನ ಪಟ್ಟಿಯನ್ನು ವಹಿಯೊಡನೆ ತಾಳೆ ನೋಡುವಾಗ ಇಂಥ ಸಾಲುಗಳು ಕಣ್ಣಿಗೆ ಬೀಳುತ್ತವೆ. ಗದರಿಸುವುದಕ್ಕಿಂತ ಮೊದಲು ಎಷ್ಟು ಹೋಗಿದೆ, ಯಾರಿಂದ ಕೈಗಡ ತಂದಿದ್ದಾರೆ ಎಂದು ಸಮಾಧಾನದಿಂದ ಕೇಳಿ ತಿಳಿಯುವುದು ಒಳ್ಳೆಯದು.

ಖಾತೆಗೆ ತಡೆ ಬಿದ್ದೇ ಬಿಟ್ಟರೆ ಮೊದಲು ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಯಾವ ದೂರಿನ ಸಂಖ್ಯೆಯ ಮೇಲೆ, ಯಾವ ರಾಜ್ಯದ ಯಾವ ಠಾಣೆಯ ಸೂಚನೆಯಿಂದ, ಎಷ್ಟು ಮೊತ್ತಕ್ಕಾಗಿ ತಡೆ ಹಾಕಲಾಗಿದೆಯೆಂದು ಕೇಳಿ ಪಡೆಯಬೇಕು. ಬ್ಯಾಂಕಿನ ಗುಮಾಸ್ತರು ಬಾಯಿಮಾತಿನಲ್ಲಿ ಹೇಳುವ “ಸೈಬರ್ ಕೇಸು” ಎಂಬ ಎರಡು ಪದಗಳಿಂದ ಮುಂದಿನ ಕೆಲಸ ಆಗುವುದಿಲ್ಲ. ಆ ವಿವರ ಸಿಕ್ಕ ಮೇಲೆ ತನಿಖಾಧಿಕಾರಿಗೆ ಬಿಲ್ಲಿನ ಪ್ರತಿ, ಮಾಲು ಕೊಟ್ಟ ರಸೀದಿ, ದಾಸ್ತಾನು ಪುಸ್ತಕದ ಪುಟ, ಜಿಎಸ್‌ಟಿ ಲೆಕ್ಕಪತ್ರ, ಗಿರಾಕಿಯ ದೂರವಾಣಿ ಸಂಖ್ಯೆ ಇವನ್ನು ಅರ್ಜಿಯೊಂದಿಗೆ ಅಂಚೆಯಲ್ಲೂ ಇಮೇಲಿನಲ್ಲೂ ಕಳಿಸಬೇಕು. ದೂರದ ರಾಜ್ಯದ ಠಾಣೆಯಾದರೆ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದೂ ಉಂಟು. 2024ರ ಜುಲೈ 1ರಿಂದ ಪೊಲೀಸರ ಜಪ್ತಿಯ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೆಯ ಕಲಮಿನಲ್ಲಿದೆ, ಮೊದಲು ಅದು ದಂಡ ಪ್ರಕ್ರಿಯಾ ಸಂಹಿತೆಯ 102ನೆಯ ಕಲಮಾಗಿತ್ತು. ಠಾಣೆಯಿಂದ ಉತ್ತರ ಬಾರದಿದ್ದರೆ ಅದೇ ಸಂಹಿತೆಯ 503ನೆಯ ಕಲಮಿನಡಿ ಸಂಬಂಧಪಟ್ಟ ಮ್ಯಾಜಿಸ್ಟ್ರೇಟರ ಮುಂದೆ ಬಿಡುಗಡೆಗೆ ಅರ್ಜಿ ಹಾಕಬಹುದು. ಈ ಎಲ್ಲ ಕಡೆಯೂ ಮೊದಲು ಕೇಳುವುದು ಬಿಲ್ಲನ್ನು. ಪರಿಚಯದ ಗಿರಾಕಿಯೆಂದು ಬಿಲ್ಲು ಹರಿಯದೆ ಮಾಲು ಕೊಟ್ಟ ಅಂಗಡಿಕಾರನಿಗೆ ಆ ದಿನ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.